ಕಾಣದ ಬೆಸುಗೆ

ಎಡಗಣ್ಣಿನ ರೆಪ್ಪೆಯ ಮೇಲೆ ಸಾಸಿವೆ ಕಾಳಿನಷ್ಟು ಜಾಗದಲ್ಲಿ ತುರಿಸಿತು. ಇಸೊಕಿಚಿ ನಿದ್ದೆಗಣ್ಣಲ್ಲೇ ಕೆರೆದುಕೊಂಡ. ಕೆರೆದುಕೊಂಡದ್ದೇ ತಪ್ಪಾಯಿತು. ತುರಿಕೆ ರೆಪ್ಪೆಯಿಂದ ಕೆನ್ನೆಗೆ ಇಳಿಯಿತು, ಕೆನ್ನೆಯಿಂದ ಕಿವಿಗೆ ಹೋಯಿತು, ಕಿವಿಯ ಹಿಂದೆ ತುಸು ಹೊತ್ತು ತಂಗಿದ್ದು ಕುತ್ತಿಗೆಗೆ ಬಂತು. ಎದ್ದು ಹೋಗಿ ಕನ್ನಡಿ ನೋಡಿದರೆ ಅಲ್ಲಿ ಬೇರೆ ಯಾರೋ ನಿಂತಿದ್ದರು. ಕೆಂಪಗೆ ಉಬ್ಬಿದ ಮುಖ, ಮುಚ್ಚಿಹೋದ ಒಂದು ಕಣ್ಣು, ಎರಡರಷ್ಟಾದ ಮೂಗು.

ಇದು ಏನೆಂದು ಅವನಿಗೆ ಆ ಕ್ಷಣವೇ ಗೊತ್ತಾಯಿತು. ಹಿನೊಸಾತೊ ಊರಿನಲ್ಲಿ ತೊಟ್ಟಿಲ ಕೂಸಿಗೂ ಗೊತ್ತಾಗುವ ಮುಖ ಅದು. ಊರಿನ ಅರ್ಧ ಜನ ಉರುಶಿ ಮರದ ಹಾಲು ಇಳಿಸಿ, ಅದನ್ನು ಪಾತ್ರೆ ಪೆಟ್ಟಿಗೆಗಳಿಗೆ ಬಳಿದು ಹೊಳಪು ಕೊಟ್ಟು ಬದುಕುವವರು. ಒಣಗದ ಉರುಶಿ ಚರ್ಮಕ್ಕೆ ತಾಗಿದರೆ ಒಂದೆರಡು ದಿನ ಸುಮ್ಮನಿದ್ದು ಆಮೇಲೆ ಸೇಡು ತೀರಿಸಿಕೊಳ್ಳುತ್ತದೆ. ಆ ಕಸುಬಿನವರಿಗೆ ಅಭ್ಯಾಸವಾಗಿ ಏನೂ ಆಗುವುದಿಲ್ಲ. ಪುರಸಭೆಯ ಜನನ ಮರಣ ವಿಭಾಗದ ಗುಮಾಸ್ತನಿಗೆ ಆಗುತ್ತದೆ. ಆಗ, ಪುರಸಭೆಯ ಗುಮಾಸ್ತ ಉರುಶಿಗೆ ಯಾಕೆ ಕೈ ಹಾಕಿದ ಎಂಬ ಪ್ರಶ್ನೆ ಏಳುತ್ತದೆ. ಆ ಪ್ರಶ್ನೆ ಬೇರೆ ಯಾವ ದಿನ ಬೇಕಾದರೂ ಏಳಬಹುದಿತ್ತು, ಇವತ್ತು ಏಳಬಾರದಿತ್ತು.

ಯಾಕೆಂದರೆ ಇವತ್ತು ಮಾವ ತೊಕುಜೊ ಮನೆಯ ಮುದ್ರೆಯನ್ನು ಅಳಿಯನ ಕೈಗೆ ಕೊಡುವವರಿದ್ದರು.

ಇಸೊಕಿಚಿ ಮನೆಅಳಿಯ. ಹನ್ನೊಂದು ವರ್ಷದ ಹಿಂದೆ ತನ್ನ ಮನೆಹೆಸರು ಬಿಟ್ಟು ವಾಕುಯಿ ಎಂಬ ಹೆಂಡತಿಯ ಮನೆಹೆಸರು ಹೊತ್ತುಕೊಂಡು ಬಂದವನು. ಕಚೇರಿಯಲ್ಲಿ ಇಡೀ ಊರಿನ ಹುಟ್ಟು ಸಾವುಗಳ ಮೇಲೆ ದಿನಕ್ಕೆ ನೂರು ಸಲ ಮುದ್ರೆ ಒತ್ತುವ ಈ ಮನುಷ್ಯ, ತನ್ನ ಮನೆಯ ಮಾಡಿನ ಒಂದು ಹೆಂಚು ಬದಲಿಸಬೇಕಾದರೆ ಮಾವನ ಮುಂದೆ ಮಂಡಿಯೂರಿ ಮುದ್ರೆ ಕೇಳಬೇಕು. ಮಾವ ಅದನ್ನು ಸೊಂಟದ ಪಟ್ಟಿಯೊಳಗಿಂದ ತೆಗೆದು, ಉಸಿರು ಊದಿ, ತಾವೇ ಒತ್ತಿ, ಮತ್ತೆ ಒಳಗೆ ಸೇರಿಸಿಕೊಳ್ಳುತ್ತಾರೆ. ಎಂಬತ್ತರ ಹತ್ತಿರ ಬಂದ ಮೇಲೆ ಈಗ ಮನಸ್ಸು ಮಾಡಿದ್ದಾರೆ. ನವೆಂಬರಿನಲ್ಲಿ ಚಹಾ ಕೋಣೆಯ ನೆಲದ ಒಲೆಯನ್ನು ಮೊದಲ ಸಲ ತೆರೆಯುವ ದಿನ, ಮೂರು ಜನ ಅತಿಥಿಗಳ ಎದುರಿಗೆ, ವರ್ಷಕ್ಕೊಮ್ಮೆ ಮಾತ್ರ ಬಳಕೆಗೆ ಬರುವ ಮನೆತನದ ಬಟ್ಟಲಿನಲ್ಲಿ ಚಹಾ ಕಲಸಿ ಕುಡಿಸಿ, ಆಮೇಲೆ ಮುದ್ರೆ.

ತೊಂದರೆ ಇದ್ದದ್ದು ಆ ಬಟ್ಟಲಿನಲ್ಲಿ. ಜುಲೈ ತಿಂಗಳಲ್ಲಿ ಹಳೆಯ ವಸ್ತುಗಳನ್ನು ಗಾಳಿಗೆ ಹಾಕುವಾಗ ಇಸೊಕಿಚಿ ಅದನ್ನು ಕೈಜಾರಿ ಬೀಳಿಸಿ ಮೂರು ಹೋಳು ಮಾಡಿದ್ದ.

ಪ್ರತಿ ವರ್ಷ ಆ ಬಟ್ಟಲನ್ನು ಗಾಳಿಗೆ ಹಾಕುವ ಕೆಲಸ ಮಾವ ಅವನಿಗೇ ಕೊಡುತ್ತಿದ್ದರು. ಸ್ವಂತ ಮಗಳಿಗೂ ಕೊಡುತ್ತಿರಲಿಲ್ಲ. ಮನೆಯಲ್ಲಿ ತನ್ನ ಮೇಲೆ ಇರುವ ನಂಬಿಕೆಗೆ ಇದೊಂದೇ ಸಾಕ್ಷಿ ಎಂದು ಇಸೊಕಿಚಿ ಒಳಗೊಳಗೇ ಬೀಗುತ್ತಿದ್ದ. ಅಂಥ ನಂಬಿಕೆಯನ್ನು ಮೂರು ಹೋಳು ಮಾಡಿದೆ ಎಂದು ಹೇಳಲು ಯಾವ ಬಾಯಿ? ಊರಿನ ಬೆಸುಗೆಯವರ ಹತ್ತಿರ ಒಯ್ದರೆ ಸಂಜೆಯೊಳಗೆ ಮಾವನ ಕಿವಿಗೆ ಬೀಳುತ್ತದೆ. ಅದೂ ಅಲ್ಲದೆ ಅವರು ಒಡಕಿನ ಗೆರೆಯ ಮೇಲೆ ಬಂಗಾರದ ಪುಡಿ ಹಾಕಿ ಮಿರಿಮಿರಿ ಮಿಂಚಿಸಿ ಕೊಡುತ್ತಾರೆ. ಇಸೊಕಿಚಿಗೆ ಬೇಕಾದದ್ದು ಮಿಂಚುವ ಬೆಸುಗೆಯಲ್ಲ, ಕಾಣದ ಬೆಸುಗೆ. ಊಟದ ಕಡ್ಡಿಯ ಡಬ್ಬಿ ಒಡೆದಿದೆ ಎಂದು ಸುಳ್ಳು ಹೇಳಿ ಅಂಗಡಿಯಿಂದ ಉರುಶಿ ತಂದ, ಅದಕ್ಕೆ ಗೋದಿಹಿಟ್ಟು ಕಲಸಿದ, ಹೋಳುಗಳನ್ನು ಕೂಡಿಸಿದ. ಉರುಶಿಯ ಚಾಳಿ ಲೋಕಕ್ಕೆಲ್ಲ ವಿರುದ್ಧ, ಒಣಗಬೇಕಾದರೆ ಅದಕ್ಕೆ ತೇವ ಬೇಕು. ಅದಕ್ಕಾಗಿ ಬಟ್ಟಲನ್ನು ಕಚೇರಿಯ ಹಳೆ ದಾಖಲೆ ಕೋಣೆಯ ಬೀರುವಿನಲ್ಲಿ, ಕಾಲವಾದವರ ಪಟ್ಟಿಗಳ ಹಿಂದೆ ಬಚ್ಚಿಟ್ಟು, ದಿನವೂ ಒದ್ದೆ ಬಟ್ಟೆ ಹರಡಿ ಬರುತ್ತಿದ್ದ. ಸೆಪ್ಟೆಂಬರಿನಲ್ಲಿ ಒಂದು ಸಲ ಹೋಳು ಬಿಟ್ಟುಕೊಂಡಿತು. ಮತ್ತೆ ಮೊದಲಿಂದ. ಮೂರು ವಾರದ ಹಿಂದೆ ಮತ್ತೆ ಕೂಡಿಸಿ, ಮೊನ್ನೆ ಬಟ್ಟಲಿನ ಬೂದಿ ಬಣ್ಣಕ್ಕೆ ಸರಿಹೊಂದುವ ಬಣ್ಣ ಬೆರೆಸಿ ಕೊನೆಯ ಗೆರೆ ಎಳೆದ. ಕೈಗವಸು ಹಾಕಿಕೊಂಡು ಅಷ್ಟು ಸಣ್ಣ ಕುಂಚ ಹಿಡಿಯಲಾಗದೆ ಬರಿಗೈಯಲ್ಲೇ ಎಳೆದ, ಆ ಕೈಯಲ್ಲೇ ಕಣ್ಣುಜ್ಜಿಕೊಂಡ.

ಬಟ್ಟಲು ಇನ್ನೂ ಕಚೇರಿಯಲ್ಲೇ ಇತ್ತು. ಮನೆಯಲ್ಲಿದ್ದ ಮರದ ಪೆಟ್ಟಿಗೆಯೊಳಗೆ, ತೂಕಕ್ಕೆಂದು, ಸಾರಿನ ಬಟ್ಟಲೊಂದು ರೇಷ್ಮೆ ಚೀಲ ಹೊದ್ದು ಕೂತಿತ್ತು. ಹನ್ನೊಂದು ಗಂಟೆಗೆ ಮಾವ ಪೆಟ್ಟಿಗೆ ಬಿಚ್ಚುತ್ತಾರೆ.

"ರೀ, ಏನ್ರೀ ಇದು ಮುಖ?" ಹೆಂಡತಿ ಹತ್ಸುಎ ಬಾಗಿಲಲ್ಲಿ ನಿಂತಿದ್ದಳು.

"ಬಂಗುಡೆ," ಅಂದ ಇಸೊಕಿಚಿ. ಬಂಗುಡೆ ಮೀನು ಕೆಟ್ಟಿದ್ದರೆ ಮೈಯೆಲ್ಲ ದದ್ದು ಏಳುತ್ತದೆ ಎಂಬುದೊಂದೇ ಆಗ ಅವನಿಗೆ ಹೊಳೆದ ವೈದ್ಯಶಾಸ್ತ್ರ.

"ನಿನ್ನೆ ರಾತ್ರಿ ನಾನು ಹಾಕಿದ್ದು ತೋಫು."

"ಮಧ್ಯಾಹ್ನ ತಿಂದೆ."

"ಮಧ್ಯಾಹ್ನದ ಬುತ್ತೀನೂ ನಾನೇ ಕಟ್ಟಿದ್ದು."

"ಅದನ್ನ ತಿಂದ ಮೇಲೆ ತಿಂದೆ."

ಹತ್ಸುಎ ಗಂಡನನ್ನು ಒಂದು ಗಳಿಗೆ ದಿಟ್ಟಿಸಿದಳು. "ನಾನು ಕಟ್ಟಿದ್ದು ತಿಂದ ಮೇಲೂ ಹಸಿವು ಉಳೀತು. ಯಾರ ಮನೇಲಿ ತೀರಿಸ್ಕೊಂಡ್ರಿ ಅದನ್ನ?"

ಒಂದು ಸುಳ್ಳಿಗೆ ಇಷ್ಟು ಬೇಗ ಇನ್ನೊಬ್ಬ ಹೆಂಗಸು ಹುಟ್ಟಿಕೊಳ್ಳುತ್ತಾಳೆ ಎಂದು ಇಸೊಕಿಚಿ ಎಣಿಸಿರಲಿಲ್ಲ. "ಬಂದೆ, ಬಂದೆ, ಕಚೇರೀಲಿ ಒಂದು ಕಾಗದ ಮರೆತಿದೀನಿ," ಎಂದು ಕುತ್ತಿಗೆ ಕೆರೆಯುತ್ತಲೇ ಮೆಟ್ಟು ಹಾಕಿಕೊಂಡು ಹೊರಬಿದ್ದ.

"ಇವತ್ತು ರಜಾ," ಅಂದಳು ಹತ್ಸುಎ ಅವನ ಬೆನ್ನಿಗೆ.

ಬೇಲಿಯಾಚೆ ಉಮೆನೊ ಅಜ್ಜಿ ಮೂಲಂಗಿ ಒಣಹಾಕುತ್ತಿದ್ದಳು. ಐವತ್ತು ವರ್ಷ ಉರುಶಿ ಬಳಿದ ಕೈ. ಇವತ್ತಿನ ಅತಿಥಿಗಳಲ್ಲಿ ಅವಳೂ ಒಬ್ಬಳು. ಇಸೊಕಿಚಿ ಟವೆಲಿನಿಂದ ಮುಖ ಮುಚ್ಚಿಕೊಂಡು ಬೇಲಿಯ ಬುಡದಲ್ಲೇ ಬಗ್ಗಿ ನಡೆದ. ಬಗ್ಗಿ ನಡೆಯುವವನನ್ನು ಯಾರು ತಾನೇ ಬಿಡುತ್ತಾರೆ?

"ಲೋ ಇಸೊ, ಟವೆಲ್ ತೆಗಿ."

"ಹಲ್ಲುನೋವು ಅಜ್ಜಿ."

ಅಜ್ಜಿ ಮೂಲಂಗಿಯ ತುದಿಯಿಂದಲೇ ಟವೆಲ್ ಎತ್ತಿದಳು. ನೋಡಿದಳು. ಇನ್ನೊಂದು ಕಡೆಯಿಂದಲೂ ನೋಡಿದಳು. "ಉರುಶಿ ಹಿಡ್ದಿದೆ."

"ಇಲ್ಲ ಅಜ್ಜಿ, ಬಂಗುಡೆ."

"ಈಗ ತಾನೆ ಹಲ್ಲು ಅಂದೆ."

"ಬಂಗುಡೆ ತಿನ್ನೋವಾಗ ಹಲ್ಲು ನೋಯ್ತು."

"ಬಂಗುಡೆ ಹೊಟ್ಟೆ ಮೇಲೆ ಏಳತ್ತೆ ಕಣೋ, ಕಣ್ಣು ಮುಚ್ಸಲ್ಲ. ನಾನು ಮದುವೆಯಾಗಿ ಬಂದ ವರ್ಷ ನನ್ನ ಮುಖಾನೂ ಹಿಂಗೇ ಊದಿತ್ತು, ನಮ್ಮೆಜಮಾನ್ರು ಬೇರೆ ಹೆಣ್ಣು ಕಳ್ಸಿದಾರೆ ಅಂತ ನಮ್ಮಪ್ಪಂಗೆ ಕಾಗದ ಬರೆದ್ರು. ಹೊಳೆ ಏಡಿ ಜಜ್ಜಿ ರಸ ಹಚ್ಚಿದ್ರೆ ಒಂದೇ ದಿನಕ್ಕೆ ಇಳಿಯುತ್ತೆ. ಬಾ ಇಲ್ಲಿ, ಬಕೆಟ್ನಲ್ಲಿ ಜೀವಂತ ಇವೆ."

ಏಡಿ ಹಚ್ಚಿಸಿಕೊಳ್ಳುವುದೆಂದರೆ ಉರುಶಿ ಎಂದು ಒಪ್ಪಿಕೊಂಡಂತೆ. ಇಸೊಕಿಚಿ ಓಡಿದ. ನಲವತ್ತೆರಡರ ಗುಮಾಸ್ತ ಒಂದೇ ಕಣ್ಣಿನಲ್ಲಿ ಓಡುವುದನ್ನು ಬೀದಿಯವರೆಲ್ಲ ಬಾಗಿಲು ಸರಿಸಿ ನೋಡಿದರು.

ಕಚೇರಿಯಲ್ಲಿ ಆ ದಿನ ಪಾಳಿಯ ಮೇಲಿದ್ದವನು ಪಕ್ಕದ ಮೇಜಿನ ನಿತ್ತಾ. ಮಾತು ಜಾಸ್ತಿ, ಕೆಲಸ ಕಡಿಮೆ, ಮನಸ್ಸು ಒಳ್ಳೆಯದು. ಇಂಥವರಿಂದ ತಪ್ಪಿಸಿಕೊಳ್ಳುವುದು ಕೆಟ್ಟವರಿಂದ ತಪ್ಪಿಸಿಕೊಳ್ಳುವುದಕ್ಕಿಂತ ಕಷ್ಟ.

"ಅಯ್ಯಯ್ಯೋ, ಪರಚಿಬಿಡ್ತಾ?" ಅಂದ ನಿತ್ತಾ ಮುಖ ನೋಡಿ.

"ಯಾರು?"

"ನಮ್ಮ ಹತ್ರ ಯಾಕಯ್ಯ ಮುಚ್ಚುಮರೆ. ಇಡೀ ಕಚೇರಿಗೆ ಗೊತ್ತು. ಬೆಕ್ಕು."

ಇಸೊಕಿಚಿಗೆ ಅರ್ಥವಾಗಲಿಲ್ಲ. ನಿತ್ತಾ ಅವನ ಭುಜದ ಮೇಲೆ ಕೈಹಾಕಿ ದನಿ ತಗ್ಗಿಸಿದ. "ನಾಲ್ಕು ತಿಂಗಳಿಂದ ನೀನು ಒದ್ದೆ ಬಟ್ಟೆ ತಗೊಂಡು ಆ ಕೋಣೆಗೆ ಹೋಗ್ತೀಯ, ಬಾಗಿಲು ಹಾಕ್ಕೋತೀಯ, ಒಳಗಡೆ ಪಿಸುಪಿಸು ಮಾತಾಡ್ತೀಯ. 'ಇವತ್ತು ಹೆಂಗಿದೀಯಪ್ಪ, ಬಿಟ್ಕೋಬೇಡಪ್ಪ' ಅಂತ. ಮನೇಲಿ ಮಾವ ಬೆಕ್ಕು ಸಾಕೋಕೆ ಬಿಡಲ್ಲ, ಪಾಪ, ಇಲ್ಲಿ ಸಾಕ್ಕೊಂಡಿದಾನೆ ಅಂತ ನಾವೂ ಸುಮ್ಮನಿದ್ವಿ. ಬಾಗಿಲ ಹತ್ರ ಒಣಮೀನು ಇಡ್ತಿದ್ದದ್ದು ಯಾರು ಅಂದ್ಕೊಂಡೆ?"

ದಾಖಲೆ ಕೋಣೆಯ ಬಾಗಿಲಲ್ಲಿ ದಿನಾ ಯಾಕೆ ಒಣಮೀನು ಬಿದ್ದಿರುತ್ತದೆ ಎಂದು ಇಸೊಕಿಚಿ ನಾಲ್ಕು ತಿಂಗಳಿಂದ ತಲೆ ಕೆಡಿಸಿಕೊಂಡಿದ್ದ. ಕೆಲವು ಸಲ ಹಸಿವಾದಾಗ ತಿಂದದ್ದೂ ಉಂಟು.

"ಹೌದು, ಬೆಕ್ಕೇ," ಅಂದ. "ಇವತ್ತು ಮನೆಗೆ ತಗೊಂಡು ಹೋಗ್ತೀನಿ. ಮಾವ ಒಪ್ಪಿದ್ರು."

"ನನಗೂ ಒಂದ್ಸಲ ತೋರ್ಸಯ್ಯ."

"ಹೊಸಬರನ್ನ ಕಂಡ್ರೆ ಹೆದರ್ಕೊಳ್ಳುತ್ತೆ." ಒಳಗೆ ಹೋಗಿ ಬೀರು ತೆರೆದ. ಬಟ್ಟಲು ಚೆನ್ನಾಗಿತ್ತು. ತಾನೇ ಒಡೆದದ್ದು ಎಂದು ಗೊತ್ತಿರದಿದ್ದರೆ ತನಗೂ ಗೆರೆ ಕಾಣುತ್ತಿರಲಿಲ್ಲ. ಬೆರಳಿನ ತುದಿಯಿಂದ ಮೆಲ್ಲಗೆ ಮುಟ್ಟಿದ. ಒಣಗಿದೆ ಅನ್ನಬಹುದು. ಒಣಗಿಲ್ಲ ಅಂತಲೂ ಅನ್ನಬಹುದು. ಅಂಟಿಸಿದ ಗೋಂದಿನ ಮೇಲೆ ಕೈಯಿಟ್ಟಂತೆ ಬೆರಳು ಒಂದಿಷ್ಟು ತಡೆದು ಬಂತು. ಬಟ್ಟೆಯಲ್ಲಿ ಸುತ್ತಿ ಹೊಟ್ಟೆಗೆ ಅವಚಿಕೊಂಡು ಹೊರಬಂದ.

ನಿತ್ತಾ ಗಂಟಿನ ಮೇಲೆ ಮೃದುವಾಗಿ ಕೈಯಾಡಿಸಿದ. "ಎಷ್ಟು ಸಾಧು. ಅಲ್ಲಾಡೋದೂ ಇಲ್ಲ. ಉಸಿರಾಡೋಕೆ ಸ್ವಲ್ಪ ಸಡಿಲ ಬಿಡಯ್ಯ." ಅವನ ಕಣ್ಣು ನಿಜವಾಗಿಯೂ ತೇವವಾಗಿತ್ತು. ಜೇಬಿನಿಂದ ಉಳಿದ ಒಣಮೀನು ತೆಗೆದು ಇಸೊಕಿಚಿಯ ಜೇಬಿಗೆ ತುಂಬಿದ.

ಮನೆಗೆ ಬಂದಾಗ ಹತ್ತೂವರೆ. ಹತ್ಸುಎ ಅಡುಗೆಮನೆಯಲ್ಲಿ ಕೆಂಪು ಅವರೆಯ ಸಿಹಿ ಪಾಯಸ ಕುದಿಸುತ್ತಿದ್ದಳು. ಗಂಡನಿಂದ ಬಂದ ಮೀನಿನ ವಾಸನೆ ಹಿಡಿದು ಸೌಟು ನಿಲ್ಲಿಸಿದಳು. "ಬೆಳಿಗ್ಗೆ ಬೆಳಿಗ್ಗೆ ಮತ್ತೆ ಅಲ್ಲಿಗೇ ಹೋಗಿದ್ರಿ," ಅಂದಳು. ಅಷ್ಟೇ ಅಂದಳು. ಅದಕ್ಕಿಂತ ಅವಳು ಸೌಟು ಎಸೆದಿದ್ದರೆ ಅವನಿಗೆ ಸಮಾಧಾನವಾಗುತ್ತಿತ್ತು. ಚಹಾ ಕೋಣೆಯ ಹಿಂದಿನ ಕಿರುಕೋಣೆಗೆ ನುಸುಳಿ, ಪೆಟ್ಟಿಗೆಯಿಂದ ಸಾರಿನ ಬಟ್ಟಲು ತೆಗೆದು, ಮನೆತನದ ಬಟ್ಟಲನ್ನು ರೇಷ್ಮೆ ಚೀಲಕ್ಕೆ ಸೇರಿಸಿ, ಹಗ್ಗವನ್ನು ಮೊದಲಿದ್ದ ಹಾಗೇ ಗಂಟು ಹಾಕಿ ಎದ್ದು ನಿಂತ. ಹಿಂದೆ ಉಮೆನೊ ಅಜ್ಜಿ ಬಕೆಟ್ ಹಿಡಿದು ನಿಂತಿದ್ದಳು.

"ಉರುಶಿ ಅಲ್ಲ ಅಜ್ಜಿ, ದಯವಿಟ್ಟು."

"ಅಲ್ಲ ಅಂದ್ರೂ ಕೆಟ್ಟದ್ದೇನೂ ಆಗಲ್ಲ. ಸುಮ್ನೆ ಕೂತ್ಕೋ." ಎಂಬತ್ತೊಂದರ ಮುದುಕಿಗೆ ಅಷ್ಟು ಬಲ ಎಲ್ಲಿಂದ ಬಂತೋ, ಅವನ ತಲೆಯನ್ನು ಕಂಕುಳಲ್ಲಿ ಅಮುಕಿ ಹಿಡಿದು, ಜಜ್ಜಿದ ಏಡಿಯನ್ನು ಕೆನ್ನೆ, ಮೂಗು, ಕುತ್ತಿಗೆಗೆಲ್ಲ ತಿಕ್ಕಿದಳು. "ನೆಕ್ಕಬೇಡ," ಎಂದು ಎಚ್ಚರಿಸಿದಳು.

ಹೀಗೆ ಏಡಿ ಮತ್ತು ಒಣಮೀನಿನ ಪರಿಮಳದೊಂದಿಗೆ, ಒಂದೂವರೆ ಕಣ್ಣು ಬಿಟ್ಟುಕೊಂಡು, ಇಸೊಕಿಚಿ ತನ್ನ ಬಾಳಿನ ಅತಿ ದೊಡ್ಡ ದಿನದ ಚಹಾ ಕೋಣೆಯೊಳಗೆ ಮಂಡಿಯೂರಿ ಕೂತ.

ಎದುರಿಗೆ ಮಾವ. ಬಲಕ್ಕೆ ದೇವಾಲಯದ ರ್ಯೋಕೈ ಗುರುಗಳು, ಅವರ ಪಕ್ಕ ಸಾಕೆ ಮದ್ಯ ತಯಾರಿಸುವ ಶಿರೊಯಾಮಾ, ಆಮೇಲೆ ಅಜ್ಜಿ, ಆಮೇಲೆ ಬಾಗಿಲ ಬಳಿ ಹತ್ಸುಎ. ಗುರುಗಳು ಮೂಗು ಒಮ್ಮೆ ಅರಳಿಸಿದರು. ಮಾವ ಒಲೆಗೆ ಇನ್ನೊಂದು ಚೂರು ಗಂಧದ ಚಕ್ಕೆ ಹಾಕಿದರು.

"ಅಳಿಯಂದ್ರ ಮುಖಕ್ಕೆ ಏನಾಗಿದೆ?" ಅಂದರು ಶಿರೊಯಾಮಾ.

"ಬಂಗುಡೆ," ಅಂದ ಇಸೊಕಿಚಿ.

"ಉರುಶಿ," ಅಂದಳು ಅಜ್ಜಿ.

"ಹೆಂಗಸು," ಅಂದಳು ಹತ್ಸುಎ, ತನ್ನಷ್ಟಕ್ಕೆ.

ಚಹಾ ಕೋಣೆಯಲ್ಲಿ ಮೈ ಕೆರೆಯುವ ಹಾಗಿಲ್ಲ. ಅಲ್ಲಾಡುವ ಹಾಗೂ ಇಲ್ಲ. ಕೆಟಲಿನ ನೀರು ಗುಂಯ್‌ಗುಡುವುದನ್ನು ಆಲಿಸಬೇಕು, ಮನಸ್ಸು ತಿಳಿಯಾಗಬೇಕು. ಇಸೊಕಿಚಿಯ ಮೂಗಿನ ತುದಿ ತುರಿಸಿತು. ಕೈಗಳನ್ನು ತೊಡೆಯ ಕೆಳಗೆ ಹಾಕಿ ಅದರ ಮೇಲೆ ಕೂತ. ಮೂಗಿನದ್ದು ಬಿಟ್ಟು ಕಿವಿಯೊಳಗೆ ತುರಿಸಿತು. ಕಿವಿಯೊಳಗಿನದನ್ನು ಸಹಿಸಿಕೊಂಡರೆ ಬೆನ್ನಿನ ನಡುವೆ, ಕೈ ಬಿಟ್ಟರೂ ಎಟುಕದ ಕಡೆ ಶುರುವಾಯಿತು. ಭುಜವನ್ನು ಚೂರು ಚೂರೇ ತಿರುಗಿಸಿ ಬಟ್ಟೆಗೆ ಬೆನ್ನು ತಿಕ್ಕಿಕೊಂಡ.

ಮಾವ ಹಗ್ಗ ಬಿಚ್ಚಿದರು. ಪೆಟ್ಟಿಗೆ ತೆರೆದರು. ಚೀಲದಿಂದ ಬಟ್ಟಲು ಹೊರಗೆ ಬಂತು. ಮಾವ ಅದನ್ನು ಎರಡು ಕೈಯಲ್ಲಿ ಎತ್ತಿ ಬೆಳಕಿಗೆ ಹಿಡಿದು, ಸುತ್ತ ತಿರುಗಿಸಿ ನೋಡಿ, ಯಾಕೋ ಸಣ್ಣಗೆ ನಿಟ್ಟುಸಿರು ಬಿಟ್ಟು ಕೆಳಗಿಟ್ಟರು. ಬಿಸಿನೀರು ಹೊಯ್ದರು. ಇಸೊಕಿಚಿ ಉಸಿರು ಹಿಡಿದ. ಒಂದು ತೊಟ್ಟೂ ಸೋರಲಿಲ್ಲ. ನಾಲ್ಕು ತಿಂಗಳ ಪಾಡು ಸಾರ್ಥಕವಾಯಿತು ಎಂದು ಅವನಿಗೆ ಅಳುವೇ ಬಂತು. ತುರಿಕೆ ಕೂಡ ಒಂದು ನಿಮಿಷ ಮರೆತುಹೋಯಿತು.

ಗಟ್ಟಿ ಚಹಾ ಎಲ್ಲರೂ ಒಂದೇ ಬಟ್ಟಲಿನಿಂದ ಕುಡಿಯತಕ್ಕದ್ದು. ಒಬ್ಬರು ಕುಡಿದು, ಅಂಚು ಒರೆಸಿ, ಪಕ್ಕದವರಿಗೆ ದಾಟಿಸಬೇಕು. ಇದು ಇಸೊಕಿಚಿಗೆ ಗೊತ್ತಿತ್ತು. ಆದರೆ ಅಂಚಿನ ಎರಡು ಕಡೆ ಮೊನ್ನೆ ಬಳಿದ ಉರುಶಿಯಿದೆ, ಅದಕ್ಕೆ ಊರಿನ ಗಣ್ಯರ ತುಟಿ ತಾಗಲಿದೆ ಎಂಬುದು ಬಟ್ಟಲು ಗುರುಗಳ ಕೈಗೆ ಹೋದ ಮೇಲೆ ಹೊಳೆಯಿತು. ಗುರುಗಳು ವಿನಯದಿಂದ ಬಟ್ಟಲನ್ನು ಎರಡು ಸಲ ತಿರುಗಿಸಿದರು. ಮೂರು ಸಲ ತಿರುಗಿಸಿದ್ದರೆ ಬಚಾವಾಗುತ್ತಿದ್ದರು. ಸರಿಯಾಗಿ ಬೆಸುಗೆಯ ಮೇಲೆ ತುಟಿಯಿಟ್ಟು ಮೂರು ಗುಟುಕು ಹೀರಿ, "ಆಹಾ," ಅಂದರು. ನಾಳಿದ್ದು ಅವರು ಒಂದು ಶ್ರಾದ್ಧದಲ್ಲಿ ಮಂತ್ರ ಹೇಳಬೇಕಿತ್ತು. ಶಿರೊಯಾಮಾ ಎರಡನೆಯ ಬೆಸುಗೆ ಹುಡುಕಿಕೊಂಡವರಂತೆ ಅಲ್ಲಿಗೇ ಬಾಯಿ ಹಾಕಿದರು. ಅಜ್ಜಿ ಕುಡಿದು ನಾಲಿಗೆಯಿಂದ ತುಟಿ ಸವರಿಕೊಂಡು, ಹುಬ್ಬು ಗಂಟಿಕ್ಕಿ, ಬಟ್ಟಲನ್ನು ಒಮ್ಮೆ ಮೂಸಿ ನೋಡಿ ಇಸೊಕಿಚಿಗೆ ಕೊಟ್ಟಳು. ಅವನು ಕಣ್ಣು ಮುಚ್ಚಿ ಉಳಿದದ್ದನ್ನು ನುಂಗಿದ.

ಶಿರೊಯಾಮಾ ಕೆಮ್ಮಿ ಗಂಟಲು ಸರಿಮಾಡಿಕೊಂಡರು. "ತೊಕುಜೊ ಅವರೇ, ಬಟ್ಟಲು ಚೆನ್ನಾಗಿದೆ. ಪ್ರತಿ ವರ್ಷ ಅಂದ್ಕೋತೀನಿ, ಚೆನ್ನಾಗಿದೆ. ಆದ್ರೆ ಪಾಪ, ಇದಕ್ಕೆ ಏನೂ ಆಗಿಲ್ಲ."

ಮಾವನ ದವಡೆ ಬಿಗಿಯಿತು. ಶಿರೊಯಾಮಾ ಮನೆಯ ಬಟ್ಟಲು ಅವರ ಅಜ್ಜನ ಕಾಲದ ಭೂಕಂಪದಲ್ಲಿ ಒಡೆದದ್ದು. ಬಂಗಾರದ ಬೆಸುಗೆ ಹಾಕಿಸಿದ ಮೇಲೆ ಅದಕ್ಕೆ 'ಬೆಟ್ಟದ ಮಿಂಚು' ಎಂದು ಹೆಸರಾಯಿತು, ಅದನ್ನು ನೋಡಲು ದೂರದ ಊರುಗಳಿಂದ ಜನ ಬರುತ್ತಿದ್ದರು. ಎಲ್ಲ ಚಹಾ ಕೂಟಗಳಲ್ಲೂ ಶಿರೊಯಾಮಾ ಆ ಭೂಕಂಪದ ಕತೆ ಹೇಳುತ್ತಿದ್ದರು. ಎರಡು ಬೆಸುಗೆಯ ಗೆರೆ ಇದ್ದವರ ಮುಂದೆ ಗೆರೆಯಿಲ್ಲದವರು ಬಾಯಿ ಮುಚ್ಚಿಕೊಂಡು ಕೂರಬೇಕಾಗಿತ್ತು.

ಮಾವ ಸೊಂಟದ ಪಟ್ಟಿಯಿಂದ ಮುದ್ರೆ ತೆಗೆದು ಸಣ್ಣ ತಟ್ಟೆಯ ಮೇಲಿಟ್ಟು ಅಳಿಯನ ಕಡೆಗೆ ತಳ್ಳಿದರು. "ಇವತ್ತಿಂದ ಈ ಮನೆಗೆ ಇಸೊಕಿಚಿ ಯಜಮಾನ," ಅಂದರು.

ಇಸೊಕಿಚಿ ತೊಡೆಯ ಕೆಳಗಿಂದ ಕೈ ತೆಗೆದ. ಮುದ್ರೆಗೆ ಇನ್ನೊಂದು ಗೇಣು.

"ತಡಿ," ಅಂದರು ಮಾವ. "ಯಜಮಾನನಾಗಿ ನಿನ್ನ ಮೊದಲನೇ ಕೆಲಸ ಒಂದಿದೆ. ಅದನ್ನ ಮಾಡಿ ಆಮೇಲೆ ಮುದ್ರೆ ತಗೋ. ಈ ಬಟ್ಟಲನ್ನ ಒಡಿ."

ಇಸೊಕಿಚಿ ಕೈಯನ್ನು ಮತ್ತೆ ತೊಡೆಯ ಕೆಳಗೆ ಸೇರಿಸಿದ.

"ಶಿರೊಯಾಮಾ ಅವರು ಹೇಳಿದ್ದು ಸರಿ. ಏನೂ ಆಗದ ಬಟ್ಟಲಿಗೆ ಹೆಸರೂ ಬರಲ್ಲ. ಇದನ್ನ ಒಡೆದು, ಬಂಗಾರ ಹಾಕಿಸಿ, ಮುಂದಿನ ವರ್ಷ ಒಲೆ ತೆರೆಯೋ ದಿನ ಇವರಿಗೆಲ್ಲ ಇದರಲ್ಲೇ ಚಹಾ ಕೊಡೋಣ. ನಾನು ಒಡೆಯೋ ಹಾಗಿಲ್ಲ. ನಮ್ಮಪ್ಪ ಸಾಯೋವಾಗ ಆಣೆ ಹಾಕಿಸಿದ್ರು, ಈ ಮನೇಲಿ ಹುಟ್ಟಿದೋರ ಕೈಯಿಂದ ಇದಕ್ಕೊಂದು ಗೀರೂ ಬೀಳಬಾರದು ಅಂತ. ಹತ್ಸುಎನೂ ಒಡೆಯೋ ಹಾಗಿಲ್ಲ. ನೀನು ಈ ಮನೇಲಿ ಹುಟ್ಟಿದೋನಲ್ಲ. ಹೊರಗೆ ಮೆಟ್ಟುಗಲ್ಲಿದೆ, ಅದರ ಮೇಲೆ ಬಿಡು."

"ಬೇಡ ಮಾವ," ಅಂದ ಇಸೊಕಿಚಿ. ಅವನ ದನಿ ಒಡೆಯಿತು. "ಕೈ ಬರಲ್ಲ ಮಾವ."

"ನೋಡಿದ್ರಾ," ಅಂದರು ಗುರುಗಳು ಮೆಚ್ಚಿ, "ಬೇರೆ ಮನೆಯಿಂದ ಬಂದವನಿಗೆ ಎಂಥ ಭಕ್ತಿ."

"ಒಡೆಸ್ಬೇಡಿ ಮಾವ, ಕೈ ಮುಗೀತೀನಿ. ಹಿಂಗೇ ಇರ್ಲಿ. ಇದು ಒಡೆಯೋದನ್ನ ನಾನು ನೋಡಲಾರೆ." ಮತ್ತೊಮ್ಮೆ ನೋಡಲಾರೆ ಎಂದು ಹೇಳಬೇಕಿತ್ತು. ಗುರುಗಳು ತೋಳಿನಿಂದ ಕಣ್ಣು ಒರೆಸಿಕೊಂಡರು. ಮಾವ ಮಾತ್ರ ಕರಗಲಿಲ್ಲ. ಬಟ್ಟಲನ್ನು ಅವನ ಕೈಗೆ ತುರುಕಿ ಅಂಗಳಕ್ಕೆ ನಡೆಸಿದರು. ಅತಿಥಿಗಳು ಜಗುಲಿಯ ಅಂಚಿಗೆ ಬಂದು ಕೂತರು.

ಅಂಗಳದಲ್ಲಿ ನಿಂತಾಗ ಇಸೊಕಿಚಿಯ ತಲೆಗೆ ಒಂದು ಬೆಳಕು ಬಿತ್ತು. ಜೋರಾಗಿ ಒಡೆದರೆ? ಮೂರು ಹೋಳಲ್ಲ, ಮೂವತ್ತು ಹೋಳಾಗುವಂತೆ ಕಲ್ಲಿಗೆ ಅಪ್ಪಳಿಸಿದರೆ ಯಾವ ಹಳೆಯ ಬೆಸುಗೆ, ಯಾವ ಉರುಶಿ? ಸಾಕ್ಷಿಯೆಲ್ಲ ನುಚ್ಚುನೂರು. ಆಮೇಲೆ ಮುದ್ರೆ ಅವನದು. ಹೆಂಚು ಅವನಿಷ್ಟ, ಬಾಗಿಲು ಅವನಿಷ್ಟ. ಹನ್ನೊಂದು ವರ್ಷದಲ್ಲಿ ಮೊದಲ ಸಲ ಎದೆ ನೆಟ್ಟಗಾಯಿತು. ಎರಡೂ ಕೈಯಿಂದ ಬಟ್ಟಲನ್ನು ತಲೆಯ ಮೇಲೆತ್ತಲೆಂದು ಮೊದಲು ಮಂಡಿಯ ಹತ್ತಿರಕ್ಕೆ ಇಳಿಸಿ, ಬಲ ತೆಗೆದುಕೊಳ್ಳಲು ಬಗ್ಗಿದ.

ಆ ಹೊತ್ತಿಗೆ ಸರಿಯಾಗಿ ಮೂಗಿನ ತುದಿ ತುರಿಸಿತು. ಬೆಳಗಿನಿಂದ ಅಷ್ಟು ಹೊತ್ತು ತಡೆದಿದ್ದ ತುರಿಕೆಯೆಲ್ಲ ಅಲ್ಲಿ ಬಂದು ಸೇರಿಕೊಂಡಿತ್ತು. ಬಲಗೈ ತಾನಾಗಿಯೇ ಮೇಲೆ ಹೋಯಿತು. ಎಡಗೈಯಿಂದ ಬಟ್ಟಲು ಜಾರಿತು. ಕಲ್ಲಿನ ಮೇಲಲ್ಲ, ಕಲ್ಲಿನ ಪಕ್ಕದ ಪಾಚಿಯ ಮೇಲೆ, ಮಂಡಿಯೆತ್ತರದಿಂದ, ಹಾಸಿಗೆಯ ಮೇಲೆ ದಿಂಬು ಬಿದ್ದ ಹಾಗೆ ಬಿತ್ತು.

ಬಿದ್ದು, ಒಂದು ಸದ್ದೂ ಮಾಡದೆ, ಮೂರು ಹೋಳಾಗಿ ಬಿಚ್ಚಿಕೊಂಡಿತು.

ಗುರುಗಳು ಮುಂದೆ ಬಾಗಿದರು. "ಪಾಚಿ ಮೇಲೆ ಬಿದ್ದದ್ದು ಒಡೆಯುತ್ತಾ?"

ಉಮೆನೊ ಅಜ್ಜಿ ಜಗುಲಿಯಿಂದಿಳಿದು ಒಂದು ಹೋಳು ಎತ್ತಿಕೊಂಡಳು. ಒಡಕಿನ ಅಂಚಿನುದ್ದಕ್ಕೂ ಕಪ್ಪಗೆ ಅಂಟು ಹಿಡಿದಿತ್ತು. ಮೂಸಿದಳು. ಉಗುರಿನಿಂದ ಕೆರೆದಳು. "ಗೋದಿಹಿಟ್ಟು ಸ್ವಲ್ಪ ಜಾಸ್ತಿ ಹಾಕಿದೀಯ," ಅಂದಳು. ಹೋಳನ್ನು ಶಿರೊಯಾಮಾಗೆ ಕೊಟ್ಟಳು. ಶಿರೊಯಾಮಾ ಗುರುಗಳಿಗೆ ಕೊಟ್ಟರು. ಗುರುಗಳು ಮಾವನಿಗೆ ಕೊಟ್ಟರು. ಪ್ರತಿಯೊಬ್ಬರೂ ಮೊದಲು ಹೋಳು ನೋಡಿದರು, ಆಮೇಲೆ ಇಸೊಕಿಚಿಯ ಮುಖ ನೋಡಿದರು. ಇನ್ನು ಬಾಯಿ ಬಿಟ್ಟು ಹೇಳುವುದಕ್ಕೆ ಏನೂ ಉಳಿದಿರಲಿಲ್ಲ.

"ಹಂಗಾದ್ರೆ ಹೆಂಗಸಲ್ಲ," ಅಂದಳು ಹತ್ಸುಎ, ಮತ್ತು ಆ ದಿನ ಮೊದಲ ಸಲ ಗಂಡನನ್ನು ನೋಡಿ ನಕ್ಕಳು.

"ಯಾವಾಗ?" ಅಂದರು ಮಾವ.

ಇಸೊಕಿಚಿ ಪಾಚಿಯ ಮೇಲೆ ಹಣೆಯಿಟ್ಟ. "ಜುಲೈ. ಗಾಳಿಗೆ ಹಾಕೋವಾಗ. ನೀವು ಅಷ್ಟು ನಂಬಿ ಕೊಟ್ಟಿದ್ರಿ ಮಾವ, ಕೈ ಜಾರಿಬಿಡ್ತು. ಹೇಳೋಕೆ ಧೈರ್ಯ ಬರಲಿಲ್ಲ. ನಿಮ್ಮ ನಂಬಿಕೆ…"

"ನಂಬಿಕೆ," ಅಂದರು ಮಾವ. ಹೋಳನ್ನು ತಿರುಗಿಸಿ ತಿರುಗಿಸಿ ನೋಡಿದರು. ಆಮೇಲೆ ಬಂದ ದನಿಯಲ್ಲಿ ಸಿಟ್ಟಿಗಿಂತ ದುಃಖವೇ ಹೆಚ್ಚಿತ್ತು. "ಲೋ ಇಸೊಕಿಚಿ. ಹೆಣ್ಣು ನೋಡೋಕೆ ನಮ್ಮ ಮನೆಗೆ ಆರು ಜನ ಗಂಡುಗಳು ಬಂದಿದ್ರು. ಒಬ್ಬ ಬ್ಯಾಂಕಿನಲ್ಲಿದ್ದ. ಒಬ್ಬ ಮೇಷ್ಟ್ರು. ನೀನು ಬಂದ ದಿನ ಬಾಗಿಲು ದಾಟೋದ್ರೊಳಗೆ ಹೂದಾನಿ ಉರುಳಿಸಿದೆ, ಕೂರೋದ್ರೊಳಗೆ ಎರಡು ಚಹಾ ಬಟ್ಟಲು ಒಡೆದೆ. ಅವತ್ತೇ ನಾನು ತೀರ್ಮಾನ ಮಾಡಿದೆ, ಅಳಿಯ ಅಂತ ಆದ್ರೆ ಇವನೇ."

ಇಸೊಕಿಚಿ ಹಣೆಯೆತ್ತಿದ.

"ಹತ್ಸುಎ ಅತ್ತಳು. ನಿಮ್ಮತ್ತೆ ಎರಡು ದಿನ ಊಟ ಬಿಟ್ಟಳು. ನಾನು ಬಿಡಲಿಲ್ಲ. ಹನ್ನೊಂದು ವರ್ಷ, ಪ್ರತಿ ಜುಲೈ, ಆ ಬಟ್ಟಲನ್ನ ನಿನ್ನ ಕೈಗೇ ಕೊಟ್ಟು ಕಾದೆ. ನೀನು ಅದೊಂದನ್ನ ಮಾತ್ರ ಮಗು ಥರ ಹಿಡೀತಿದ್ದೆ. ಕಾದು ಕಾದು ಸಾಕಾಗಿ ಇವತ್ತು ಮಾನ ಬಿಟ್ಟು ಬಾಯಲ್ಲೇ ಹೇಳಬೇಕಾಯ್ತು. ಬೀಳಿಸಿದ ದಿನ ಬಂದು ಒಂದು ಮಾತು ಹೇಳಿದ್ರೆ ಅವತ್ತೇ ಮುದ್ರೆ ಕೊಡ್ತಿದ್ದೆನಲ್ಲೋ."

"ಈಗಲೂ ಒಡೆದಿದೆಯಲ್ಲ ಮಾವ," ಅಂದ ಇಸೊಕಿಚಿ ಮೆಲ್ಲಗೆ. ಕಣ್ಣು ಒಳಗಿದ್ದ ತಟ್ಟೆಯ ಕಡೆಗಿತ್ತು.

"ಒಡೆದಿದೆ. ನಿನ್ನ ಹಿಟ್ಟು ಹೋಳಿಗೆಲ್ಲ ಮೆತ್ತಿದೆ. ಅದನ್ನೆಲ್ಲ ಕೆರೆದು, ಉರುಶಿ ಹಚ್ಚಿ, ಒಣಗ್ಸಿ, ಮತ್ತೆ ಹಚ್ಚಿ, ಬಂಗಾರ ಹಾಕೋ ಹೊತ್ತಿಗೆ ಒಂದು ವರ್ಷ. ಊರಿನ ಬೆಸುಗೆಯವರಿಗೆ ಯಾಕೆ ಕೊಡಬೇಕು? ನಾಲ್ಕು ಜನ ಬಾಯಿಟ್ಟು ಕುಡಿದ್ರೂ ಗೆರೆ ಕಾಣಲಿಲ್ಲ, ಅಂಥ ಕೈ ನಿಂದು. ನೀನೇ ಮಾಡು."

ಇಸೊಕಿಚಿ ತನ್ನ ಮುಖ ಮುಟ್ಟಿಕೊಂಡ. "ಮುದ್ರೆ?"

ಮಾವ ಒಳಗೆ ಹೋಗಿ ತಟ್ಟೆಯಿಂದ ಮುದ್ರೆ ಎತ್ತಿ, ಅಭ್ಯಾಸದಂತೆ ಒಂದು ಸಲ ಉಸಿರು ಊದಿ, ಸೊಂಟದ ಪಟ್ಟಿಯೊಳಗೆ ಸೇರಿಸಿಕೊಂಡರು. ಶಿರೊಯಾಮಾ ಅಂಗಳದಲ್ಲಿ ಮೂರೂ ಹೋಳುಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡುತ್ತ, ಇಷ್ಟು ಚೆಂದವಾಗಿ ಒಡೆದ ಬಟ್ಟಲನ್ನು ತಾನು ಕಂಡದ್ದೇ ಇಲ್ಲವೆಂದು ಹೊಟ್ಟೆಯುರಿಯಿಂದ ಒಪ್ಪಿಕೊಂಡರು. ಎಲ್ಲರೂ ಮಾವನನ್ನು ಸುತ್ತುವರಿದು ಅಭಿನಂದಿಸಿದರು. ಹತ್ಸುಎ ಪಾಯಸ ಬಡಿಸಲು ಒಳಗೆ ಹೋದಳು, ಇಸೊಕಿಚಿ ಪಾಚಿಯ ಮೇಲೆ ಮಂಡಿಯೂರಿ ಹೋಳುಗಳನ್ನು ಒಂದೊಂದಾಗಿ ಆರಿಸಿ ಮಡಿಲಿಗೆ ಹಾಕಿಕೊಂಡ.